ಗಾಡಿ ಬಿಡುವವರು ಕೈ ಮುಗಿಯುವುದಿಲ್ಲ

ನಾನು ಬಾಳಂತಿ ಮೀಯಿಸುವ ಹೆಂಗಸು. ಹೆತ್ತವಳ ಮೈಗೆ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ದು, ಮಗುವನ್ನು ನೀಡಿದ ಕಾಲುಗಳ ಮೇಲೆ ಮಲಗಿಸಿ ಮೀಯಿಸಿ, ಧೂಪ ಹಿಡಿದು ತೊಟ್ಟಿಲಿಗೆ ಹಾಕಿ ಬರುವುದು ನನ್ನ ಕೆಲಸ. ವೇಣೂರಿನ ಸುತ್ತಮುತ್ತ ನನ್ನ ಕಾಲ ಮೇಲೆ ಮಲಗಿ ಕಿರುಚಿದವರು ಈಗ ಮೀಸೆ ಬಿಟ್ಟು ತಿರುಗುತ್ತಾರೆ. ಕೆಲವರು ಗುರುತು ಹಿಡಿಯುತ್ತಾರೆ, ಕೆಲವರು ಹಿಡಿಯುವುದಿಲ್ಲ. ಅದರಿಂದ ನನಗೇನೂ ಆಗಬೇಕಾದ್ದಿಲ್ಲ.

ಈ ಕೆಲಸಕ್ಕೆ ಹೊತ್ತು ಮುಖ್ಯ. ಬೆಳಿಗ್ಗೆ ಏಳರ ಒಳಗೆ ಆ ಮನೆ ಸೇರಬೇಕು. ಬಿಸಿಲು ಏರಿದ ಮೇಲೆ ಮೀಯಿಸಿದರೆ ಬಾಳಂತಿಗೆ ಹಿಡಿಸುವುದಿಲ್ಲ, ಮಗು ಹಸಿದು ಕೈಗೆ ಸಿಗುವುದಿಲ್ಲ. ಮೊದಲು ನಮ್ಮ ಒಳದಾರಿಗೆ ಬೆಳಗಿನ ಬಸ್ಸಿತ್ತು. ಕೊರೋನಾ ಸಮಯದಲ್ಲಿ ನಿಂತ ಆ ಬಸ್ಸು ಮತ್ತೆ ಬರಲೇ ಇಲ್ಲ. ಆಮೇಲೆ ಅಳಿಯನ ಬೈಕಿನ ಹಿಂದೆ ಕೂತು ಹೋಗತೊಡಗಿದೆ. ಅಳಿಯ ಗಾರೆ ಕೆಲಸದವನು. ನನ್ನನ್ನು ಇಳಿಸಿ ತನ್ನ ಕೆಲಸಕ್ಕೆ ಹೋಗುತ್ತಿದ್ದ. ದಾರಿಯುದ್ದ ಗೊಣಗುತ್ತಿದ್ದ, ಆದರೆ ಕರೆದುಕೊಂಡು ಹೋಗುತ್ತಿದ್ದ.

ನಮ್ಮ ಒಳದಾರಿ ಮುಖ್ಯ ರಸ್ತೆಗೆ ಸೇರುವ ಮೊದಲು ಒಂದು ಏರು ತಿರುವು ಇದೆ. ತಿರುವಿನಲ್ಲೇ ದೈವದ ಗುಡಿ. ಗುಡಿ ಸಣ್ಣದು, ಹಂಚಿನ ಮಾಡು, ಮುಂದೆ ಒಂದು ಕಟ್ಟೆ. ಆದರೆ ಆ ದೈವದ ಎದುರು ನಿಂತು ಸುಳ್ಳು ಹೇಳುವ ಧೈರ್ಯ ನಮ್ಮ ಊರಿನಲ್ಲಿ ಯಾರಿಗೂ ಇಲ್ಲ. ಅಲ್ಲಿ ಹಾದುಹೋಗುವವರೆಲ್ಲ ಕೈ ಮುಗಿಯುತ್ತಾರೆ. ನಾನು ಬಸ್ಸಿನಲ್ಲಿ ನಿಂತಿದ್ದರೂ ಕಂಬಿ ಬಿಟ್ಟು ಮುಗಿಯುತ್ತಿದ್ದೆ. ಬೈಕಿನಲ್ಲೂ ಹಾಗೆಯೇ. ಒಂದು ಬೆಳಿಗ್ಗೆ ನಾನು ಎರಡೂ ಕೈ ಜೋಡಿಸಿದ ಹೊತ್ತಿಗೇ ಅಳಿಯ ಹೊಂಡ ತಪ್ಪಿಸಲು ಗಾಡಿಯನ್ನು ಪಕ್ಕಕ್ಕೆ ಎಳೆದ. ನಾನು ಹಿಂದಕ್ಕೆ ಮಗುಚಿದೆ. ಬಲಗೈಯ ಮಣಿಗಂಟು ಮುರಿಯಿತು.

ಮಗಳು ಆಸ್ಪತ್ರೆಯಲ್ಲೇ ಶುರುಮಾಡಿದಳು. "ಕೈ ಮುಗಿಯದಿದ್ರೆ ದೈವ ಎಂತ ಮಾಡ್ತಿತ್ತು ಅಮ್ಮ? ಇದಕ್ಕಿಂತ ಹೆಚ್ಚು ಮಾಡ್ತಿತ್ತಾ?"

ಮಾಡುತ್ತಿತ್ತು ಎಂದೇ ನನ್ನ ನಂಬಿಕೆ. ತಲೆ ಒಡೆಯಬೇಕಾಗಿದ್ದ ಜಾಗದಲ್ಲಿ ದೈವ ಕೈಯನ್ನಷ್ಟೇ ಮುರಿದು ಬಿಟ್ಟಿತು ಎಂದುಕೊಂಡೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಮೊದಲಿನ ಹಾಗೆ ಆಯಿತು. ಮಗು ಹಿಡಿಯುವಷ್ಟು ಆಯಿತು, ಅಷ್ಟು ಸಾಕು. ಅಳಿಯನ ಮನಸ್ಸು ಮಾತ್ರ ಮೊದಲಿನ ಹಾಗೆ ಆಗಲಿಲ್ಲ. "ಅತ್ತೆ, ಸಿಟ್ಟು ಮಾಡ್ಬೇಡಿ. ನಿಮ್ಮನ್ನು ಹಿಂದೆ ಕೂರಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ನೀವು ಹಿಂದೆ ಇದ್ದೀರಾ ಬಿದ್ದಿದ್ದೀರಾ ಅಂತ ತಿರುಗಿ ತಿರುಗಿ ನೋಡಿ ನಾನೇ ಬೀಳ್ತೇನೆ." ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದು ಸರಿ ಇತ್ತು.

ಆ ಗುಡಿಯನ್ನು ನೋಡಿಕೊಳ್ಳುವವರು ಮೂಡುಬಿದಿರೆ ರಸ್ತೆಯಲ್ಲಿರುವ ಒಂದು ಜೈನರ ಮನೆಯವರು. ಮನೆಯ ಯಜಮಾನರನ್ನು ನಾವು ಧಣಿಗಳು ಎನ್ನುತ್ತೇವೆ. ಅವರ ಮಗಳು ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ಆ ಹುಡುಗಿ ಹುಟ್ಟಿದಾಗ ಅವಳನ್ನು ಮೀಯಿಸಿದ್ದು ನಾನೇ. ಧಣಿಗಳ ಹೆಂಡತಿ ಫೋನು ಮಾಡಿದರು.

"ಈ ಸಲವೂ ನೀನೇ ಬರ್ಬೇಕು ಅಂತ ಮಗಳ ಹಟ. ಆದ್ರೆ ನೀನು ಬರುದು ಹೇಗೆ? ಇವರಿಗೆ ಮೊಣಕಾಲು ನೋವು, ಬೆಳಿಗ್ಗೆ ಕಾರು ತೆಗಿಲಿಕ್ಕೆ ಆಗುದಿಲ್ಲ. ಮೂಡುಬಿದಿರೆಯಲ್ಲಿ ಒಬ್ಬಳು ಹೋಮ್ ನರ್ಸ್ ಉಂಟಂತೆ, ಮನೆಯಲ್ಲೇ ನಿಲ್ತಾಳಂತೆ. ಅವಳಿಗೆ ಹೇಳುದಾ?"

"ಹೇಳ್ಬೇಡಿ. ನಾನೇ ಸ್ಕೂಟರಲ್ಲಿ ಬರ್ತೇನೆ" ಅಂದೆ.

ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ಬಾಯಿಂದ ಬಂದುಬಿಟ್ಟಿತು. ಅತ್ತ ಫೋನಿನಲ್ಲಿ ಧಣಿಗಳ ನಗು ಕೇಳಿತು. ಆಮೇಲೆ ಅವರೇ ಫೋನು ತೆಗೆದುಕೊಂಡರು. "ಲೈಸೆನ್ಸ್ ಇಲ್ಲದೆ ಬಂದು ಬಿದ್ರೆ ಪೊಲೀಸರು ನನ್ನ ಅಂಗಳಕ್ಕೆ ಬರ್ತಾರೆ ಮಾರಾಯ್ತಿ. ಲೈಸೆನ್ಸ್ ತೋರಿಸು, ಮಗು ಮೀಯಿಸು. ಇಲ್ಲದಿದ್ರೆ ಹೋಮ್ ನರ್ಸ್."

ಒಂದು ದೊಡ್ಡ ಮನೆಗೆ ಹೋಮ್ ನರ್ಸ್ ಬಂದರೆ ಉಳಿದ ಮನೆಗಳೂ ಅವಳನ್ನೇ ಕರೆಯುತ್ತವೆ. ಆಮೇಲೆ ನಾನು ಮಗಳ ಜಗಲಿಯಲ್ಲಿ ಕೂತು ಬೀಡಿ ಎಲೆ ಕತ್ತರಿಸಿಕೊಡುವವಳು. ಅದು ನನಗೆ ಬೇಡವಾಗಿತ್ತು. ಸ್ಕೂಟರು ಮನೆಯಲ್ಲೇ ಇತ್ತು, ಮಗಳದ್ದು. ಅವಳು ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಂಡುಹೋಗುವುದು, ಮಕ್ಕಳನ್ನು ಶಾಲೆಗೆ ಬಿಡುವುದು ಅದರಲ್ಲೇ.

"ನಿನಗೆ ಮರ್ಲಾ?" ಎಂದಳು ಮಗಳು. ತುಳುವಿನಲ್ಲಿ ಹುಚ್ಚಿಗೆ ಹಾಗೆ ಹೇಳುತ್ತೇವೆ. "ಹಿಂದೆ ಕೂತು ಬೀಳುವವಳು ಮುಂದೆ ಕೂತು ಎಂತ ಮಾಡ್ತಿ?"

"ಮುಂದೆ ಕೂತವರಿಗೆ ಹಿಡಿಲಿಕ್ಕೆ ಹ್ಯಾಂಡಲ್ ಉಂಟಲ್ಲ" ಅಂದೆ.

ಅವಳು ನಕ್ಕಳು.

ಬೆಳ್ತಂಗಡಿ ಹತ್ತಿರ ಲಾಯಿಲದ ಒಂದು ಮೈದಾನದಲ್ಲಿ ಹೆಂಗಸರಿಗೆ ಸ್ಕೂಟರು ಕಲಿಸುತ್ತಾರೆಂದು ನಮ್ಮ ಮಹಿಳಾ ಸಂಘದವರು ಹೇಳಿದರು. ಗಾಡಿ ಬಿಡುವುದರ ಜೊತೆಗೆ ರಸ್ತೆಯಲ್ಲಿ ಬದುಕಿ ಉಳಿಯುವುದನ್ನೂ ಕಲಿಸುತ್ತಾರಂತೆ. ಕಲಿಸುವ ಮಾಸ್ಟ್ರು ಮೊದಲು ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರಾಗಿದ್ದವರು. ಅದನ್ನು ಕೇಳಿಯೇ ನನಗೆ ಅರ್ಧ ಜೀವ ಹೋಯಿತು. ನಮ್ಮ ಕಡೆಯ ಎಕ್ಸ್‌ಪ್ರೆಸ್ ಬಸ್ಸುಗಳ ಓಟ ನೋಡಿದವರಿಗೆ ಗೊತ್ತು.

"ನಿಮ್ಮಂಥವರಿಗೆ ಹೆದರಿಯೇ ನಾನು ಇಷ್ಟು ವರ್ಷ ರಸ್ತೆಯ ಬದಿಯಲ್ಲಿ ನಡೆದದ್ದು ಮಾಸ್ಟ್ರೇ" ಎಂದೆ.

"ಹೌದಮ್ಮ, ಎಷ್ಟು ಜನರನ್ನು ಚರಂಡಿಗೆ ಇಳಿಸಿದ್ದೇನೋ ಲೆಕ್ಕ ಇಲ್ಲ. ಅದಕ್ಕೇ ಈಗ ದೇವರು ನನ್ನನ್ನು ನಿಮ್ಮ ಕೈಗೆ ಕೊಟ್ಟದ್ದು" ಎಂದರು.

ಮೊದಲು ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್ ಆಗಬೇಕು. ಅದಕ್ಕೆ ಬಂಟ್ವಾಳದ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರಬೇಕು. ನಾನು ಶಾಲೆಗೆ ಹೋದದ್ದು ಮೂರನೆಯ ಕ್ಲಾಸಿನವರೆಗೆ. ಅಕ್ಷರ ಬರುತ್ತದೆ, ಬಸ್ಸಿನ ಬೋರ್ಡು ಓದುತ್ತೇನೆ, ಆದರೆ ನಿಧಾನ. ಕಂಪ್ಯೂಟರಿಗೆ ನಿಧಾನ ಆಗುವುದಿಲ್ಲ. ನಾನು ಒಂದು ಸಾಲು ಓದಿ ಮುಗಿಸುವುದರೊಳಗೆ ಪ್ರಶ್ನೆಯೇ ಓಡಿಹೋಗುತ್ತಿತ್ತು. ಒಂದು ಕಡೆ ಒತ್ತಲು ಹೋಗಿ ಇನ್ನೊಂದು ಕಡೆ ಒತ್ತಿದೆ. ಚಿತ್ರ ಇದ್ದದ್ದನ್ನೆಲ್ಲ ಸರಿ ಮಾಡಿದೆ. ಮಾಸ್ಟ್ರು ಆ ಚಿತ್ರಗಳನ್ನು ಒಂದೊಂದಾಗಿ ತೋರಿಸಿ ಬಾಯಿಪಾಠ ಮಾಡಿಸಿದ್ದರು. ಹೇಗೋ ಪಾಸಾಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಮೈದಾನದಲ್ಲಿ ಕಲಿಯಲು ಬಂದವರೆಲ್ಲ ನನ್ನ ಮಗಳಿಗಿಂತ ಸಣ್ಣವರು. ಸೀರೆ ಚಕ್ರಕ್ಕೆ ಸಿಕ್ಕುತ್ತದೆ, ಕಲಿಯುವಾಗ ಸೀರೆ ಬೇಡ ಎಂದು ಮಾಸ್ಟ್ರು ಹೇಳಿದ್ದರು. ಮಗಳ ಚೂಡಿದಾರ ಹಾಕಿಕೊಂಡು ಹೋದೆ. ಹುಟ್ಟಿದ ಮೇಲೆ ಮೊದಲ ಸಲ ಪ್ಯಾಂಟು. ಬಸ್ಸಿನಲ್ಲಿ ಎಲ್ಲರೂ ನನ್ನ ಕಾಲನ್ನೇ ನೋಡುತ್ತಿದ್ದಾರೆ ಎಂದು ಕಾಣುತ್ತಿತ್ತು. ಗಾಡಿಯ ಮೇಲೆ ಕೂತದ್ದೇ ಆ ನಾಚಿಕೆ ಹಾರಿಹೋಯಿತು. ಹೆದರಿಕೆ ಅಷ್ಟು ದೊಡ್ಡದಿತ್ತು.

ಸ್ಕೂಟರಿನಲ್ಲಿ ಒಂದು ಕೆಟ್ಟ ವಿಷಯ ಇದೆ. ಬಲಗೈ ತಿರುಗಿಸಿದರೆ ಅದು ಓಡುತ್ತದೆ. ಹೆದರಿದರೆ ಕೈ ಬಿಗಿಯುತ್ತದೆ. ಕೈ ಬಿಗಿದರೆ ಗಾಡಿ ಇನ್ನೂ ಓಡುತ್ತದೆ. ಗಾಡಿ ಓಡಿದರೆ ಮತ್ತೂ ಹೆದರಿಕೆ. ಮೊದಲ ದಿನವೇ ನಾನು ಮೈದಾನದ ಬೇಲಿಗೆ ಹೋಗಿ ನುಗ್ಗಿದೆ. ಮಾಸ್ಟ್ರು ಹಿಂದಿನಿಂದ ಓಡಿಬಂದರು. "ಪೋಡಿಯೊಡ್ಚಿ ಅಮ್ಮ, ಹೆದರ್ಬೇಡಿ! ಬ್ರೇಕ್, ಬ್ರೇಕ್!" ಬ್ರೇಕು ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೆರಳಿಗೆ ಗೊತ್ತಿರಲಿಲ್ಲ.

"ಅಜ್ಜಿ, ಬೇಲಿಯ ಆಚೆ ಮನೆ ಉಂಟು, ಅಲ್ಲಿ ಬಾಳಂತಿ ಇಲ್ಲ" ಎಂದಳು ಒಬ್ಬಳು. ಎಲ್ಲರೂ ನಕ್ಕರು. ನಾನು ಮುಳ್ಳು ಕೀಳುತ್ತಾ ಕೂತೆ.

ಹೆಲ್ಮೆಟ್ ಇನ್ನೊಂದು ಕಷ್ಟ. ತಲೆಗೆ ಹಾಕಿದ್ದೇ ಕಿವಿ ಮುಚ್ಚಿದ ಹಾಗೆ ಆಗುತ್ತಿತ್ತು. ನಾನು ಇಡೀ ಜೀವಮಾನ ರಸ್ತೆಯನ್ನು ಕಿವಿಯಿಂದ ದಾಟಿದವಳು. ಹಿಂದೆ ಏನು ಬರುತ್ತಿದೆ ಎಂದು ಶಬ್ದದಲ್ಲೇ ಹೇಳುತ್ತೇನೆ. ಈಗ ಅದು ಹೋಯಿತು. ಕನ್ನಡಿ ನೋಡಿ ಎಂದರು ಮಾಸ್ಟ್ರು. ಕನ್ನಡಿ ನೋಡಿದರೆ ಮುಂದೆ ಕಾಣುವುದಿಲ್ಲ, ಮುಂದೆ ನೋಡಿದರೆ ಹಿಂದೆ ಯಾರೋ ಬಂದು ಗುದ್ದುತ್ತಾರೆ ಎಂದು ಬೆನ್ನು ತಣ್ಣಗಾಗುತ್ತದೆ.

ಹೀಗೆ ಹೆದರುತ್ತಲೇ ಕಲಿತೆ. ಗಾಡಿ ಬೀಳದೆ ಹೋಗತೊಡಗಿತು. ಆಗ ಮಾಸ್ಟ್ರಿಗೆ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು.

ಮೈದಾನದ ಒಂದು ಮೂಲೆಯಲ್ಲಿ ಮರಗಳ ಕೆಳಗೆ ನಾಗನ ಕಟ್ಟೆ ಇತ್ತು. ನಾನು ಆ ಮೂಲೆಯಲ್ಲಿ ತಿರುಗಿದಾಗಲೆಲ್ಲ ಗಾಡಿ ಓಲಾಡುತ್ತಿತ್ತು. ಬೇರೆ ಮೂಲೆಗಳಲ್ಲಿ ಸರಿ ಹೋಗುತ್ತಿತ್ತು. ಮಾಸ್ಟ್ರು ನಿಲ್ಲಿಸಿ ಕೇಳಿದರು.

"ಅಮ್ಮ, ಅಲ್ಲಿ ಬಲಗೈ ಎಲ್ಲಿಗೆ ಹೋಗ್ತದೆ ನಿಮ್ದು?"

"ಎಲ್ಲಿಗೂ ಇಲ್ಲ."

"ಹಣೆಗೆ ಹೋಗ್ತದೆ! ನಾನು ನೋಡ್ತಾ ಇದ್ದೇನೆ. ನಾಗನ ಎದುರು ಬಂದ ಕೂಡ್ಲೇ ಹ್ಯಾಂಡಲ್ ಬಿಟ್ಟು ಹಣೆ ಮುಟ್ತೀರಿ."

ನನಗೆ ಗೊತ್ತೇ ಇರಲಿಲ್ಲ. ಕೈ ತಾನಾಗಿ ಹೋಗುತ್ತಿತ್ತು. ಗೊತ್ತಾದ ಮೇಲೂ ಹೋಗುವುದು ನಿಲ್ಲಲಿಲ್ಲ. ಹಿಡಿದಿಟ್ಟುಕೊಂಡರೆ ಏನೋ ದೊಡ್ಡ ತಪ್ಪು ಮಾಡಿದ ಹಾಗೆ ಆಗುತ್ತಿತ್ತು. ಕೈ ಬಿಟ್ಟರೆ ಬೀಳುತ್ತೇನೆ, ಬಿಡದಿದ್ದರೆ ನಾಗ ಸುಮ್ಮನಿರುತ್ತಾನಾ? ಎರಡು ಹೆದರಿಕೆಗಳ ನಡುವೆ ಗಾಡಿ ಬಿಡುವುದು ಹೇಗೆ?

"ಹಾರ್ನ್ ಹಾಕಿ" ಎಂದರು ಮಾಸ್ಟ್ರು. "ಎಷ್ಟೋ ಡ್ರೈವರುಗಳು ಹಾಗೇ ಮಾಡುದು. ಗುಡಿ ಬಂತು, ಪೀಂ ಅಂತ ಒಂದು ಹಾರ್ನ್. ದೇವರಿಗೆ ಅರ್ಥ ಆಗ್ತದೆ."

"ಹಿರಿಯರು ಎದುರು ಬಂದ್ರೆ ನೀವು ಕಿವಿಯ ಹತ್ರ ಪೀಂ ಅಂತ ಕೂಗ್ತೀರಾ ಮಾಸ್ಟ್ರೇ?"

ಮಾಸ್ಟ್ರು ತಲೆ ಕೆರೆದುಕೊಂಡರು. "ಬಸ್ಸಿನಲ್ಲಿ ನನಗೆ ಕಂಡಕ್ಟರ್ ಇದ್ದ. ಕಾಣಿಕೆ ಹಾಕುದು, ಕೈ ಮುಗಿಯುದು ಅವನ ಕೆಲಸ. ನನ್ನ ಕೈ ಸ್ಟೇರಿಂಗಲ್ಲಿ. ನಿಮಗೆ ಕಂಡಕ್ಟರ್ ಇಲ್ಲ, ಅದೇ ತೊಂದರೆ."

ಪರೀಕ್ಷೆಯ ದಿನ ಮತ್ತೆ ಬಂಟ್ವಾಳ. ಮಗಳ ಸ್ಕೂಟರನ್ನು ಅಳಿಯ ತಂದುಕೊಟ್ಟ. ನೆಲದಲ್ಲಿ ಇಂಗ್ಲಿಷಿನ ಎಂಟು ಅಂಕೆಯ ಹಾಗೆ ಗೆರೆ ಎಳೆದಿದ್ದರು. ಅದರ ಮೇಲೆ ಕಾಲು ನೆಲಕ್ಕೆ ಕೊಡದೆ ಸುತ್ತಬೇಕು. ಇನ್‌ಸ್ಪೆಕ್ಟರು ಮುದುಕರಲ್ಲ, ನನ್ನ ಅಳಿಯನಷ್ಟು ವಯಸ್ಸು. ಸಾಲು ಉದ್ದ ಇತ್ತು. ನನ್ನ ಮುಂದಿನ ಹುಡುಗರೆಲ್ಲ ಒಂದು ಕೈಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಾ ಸುತ್ತಿ ಹೋದರು. ಎರಡು ಸಲ ಮೂತ್ರಕ್ಕೆ ಹೋಗಿಬಂದೆ. ಮೂರನೆಯ ಸಲ ಹೋಗುವ ಎನ್ನುವಾಗ ನನ್ನನ್ನು ಕರೆದರು. ಅಷ್ಟರಲ್ಲಿ ಮಧ್ಯಾಹ್ನ ಆಗಿತ್ತು.

ಮೊದಲ ಸುತ್ತು ಸರಿ ಹೋಯಿತು. ಉಸಿರು ಹಿಡಿದು ಎರಡನೆಯ ಸುತ್ತಿಗೆ ತಿರುಗಿದೆ. ಆಗ ಹತ್ತಿರದ ಯಾವುದೋ ದೇವಸ್ಥಾನದಲ್ಲಿ ಮಧ್ಯಾಹ್ನದ ಪೂಜೆಯ ಗಂಟೆ ಹೊಡೆಯಿತು. ನಾನು ಏನೂ ಮಾಡಲಿಲ್ಲ. ಕೈ ಮಾಡಿತು. ಹಣೆಗೆ ಹೋಯಿತು, ಅಲ್ಲಿಂದ ಎದೆಗೆ ಬಂತು. ಗಾಡಿ ವಾಲಿತು. ನಾನು ಎರಡೂ ಕಾಲು ನೆಲಕ್ಕೆ ಕೊಟ್ಟು ನಿಂತೆ.

"ಅಮ್ಮ, ಯಾರಿಗೆ ಟಾಟಾ ಮಾಡಿದ್ದು?" ಎಂದರು ಇನ್‌ಸ್ಪೆಕ್ಟರು.

"ಗಂಟೆ ಹೊಡೆದದ್ದು ಕೇಳ್ಲಿಲ್ವಾ ಸರ್?"

"ಕೇಳ್ತು. ನಾನೂ ಮನಸ್ಸಲ್ಲೇ ಮುಗಿದೆ. ನಾನು ನಿಂತವನು, ಆದ್ರೂ ಕೈ ಎತ್ಲಿಲ್ಲ. ನೀವು ಗಾಡಿಯಲ್ಲಿ ಕೂತವರು. ರಸ್ತೆಯಲ್ಲಿ ಹೀಗೆ ಮಾಡಿದ್ರೆ ನಿಮಗೆ ಮಾತ್ರ ಅಲ್ಲ, ಎದುರು ಬರುವವನಿಗೂ ಕೇಡು. ಒಂದು ವಾರ ಬಿಟ್ಟು ಬನ್ನಿ."

ಅವರು ಹೇಳಿದ್ದು ನ್ಯಾಯ. ನ್ಯಾಯ ಆದರೂ ಸಿಟ್ಟು ಬಂತು. ಮನೆಗೆ ಬಂದಾಗ ಮಗಳು ಏನೂ ಕೇಳಲಿಲ್ಲ, ಮುಖ ನೋಡಿಯೇ ತಿಳಿದುಕೊಂಡಳು. "ಸಾಕು ಬಿಡಮ್ಮ" ಎಂದಳು. "ನಿನ್ನ ಕೈ ಮುರಿದಾಗ ನಾನು ನಿನ್ನ ತಲೆ ಬಾಚಿದ್ದೇನೆ, ಬಟ್ಟೆ ಒಗೆದಿದ್ದೇನೆ. ಇನ್ನೊಂದು ಸಲ ನನ್ನಿಂದ ಆಗುದಿಲ್ಲ. ನನಗೂ ಹೆದರಿಕೆ ಉಂಟು, ನಿನಗೆ ಮಾತ್ರ ಇರುದಲ್ಲ." ಅವಳು ಹಾಗೆ ಹೇಳಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನಾನು ಎದ್ದು ದನಕ್ಕೆ ಹುಲ್ಲು ಹಾಕಲು ಹೋದೆ.

ಮರುದಿನವೇ ಧಣಿಗಳ ಮನೆಯಿಂದ ಫೋನು. ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು, ಹೇಳಿದ ದಿನಕ್ಕಿಂತ ಮೊದಲೇ. ಗಂಡು ಮಗು, ಸಣ್ಣ ಇದೆ. ಆಸ್ಪತ್ರೆಯಿಂದ ಬಂದು ಕೆಲವು ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಆಮೇಲೆ ಮೀಯಿಸಬಹುದು ಎಂದರಂತೆ ಡಾಕ್ಟರು. "ಅಷ್ಟರೊಳಗೆ ನಿನ್ನ ಲೈಸೆನ್ಸ್ ಆಗ್ತದಾ?" ಎಂದು ಧಣಿಗಳ ಹೆಂಡತಿ ಕೇಳಿದರು. ಆಗುತ್ತದೆ ಎಂದೆ. ಸಣ್ಣ ಮಗು ಎಂದರೆ ಕೈಯಲ್ಲಿ ಹಿಡಿದರೆ ಬೆಕ್ಕಿನ ಮರಿಯ ಹಾಗಿರುತ್ತದೆ. ಅಂಥದ್ದನ್ನು ಯಾರೋ ಗುರುತಿಲ್ಲದವಳು ಬಚ್ಚಲಿಗೆ ಕೊಂಡುಹೋಗುವುದು ನನಗೆ ಸರಿ ಕಾಣಲಿಲ್ಲ.

ಆ ವಾರ ತಿಂಗಳ ಸಂಕ್ರಮಣ ಬಂತು. ಸಂಕ್ರಮಣದ ದಿನ ಧಣಿಗಳು ಗುಡಿಗೆ ಬಂದು ದೀಪ ಇಡಿಸುತ್ತಾರೆ. ಅವರ ಮನೆಯಲ್ಲಿ ಹೆರಿಗೆಯ ಸೂತಕ ಇದ್ದುದರಿಂದ ಈ ಸಲ ಅವರು ಕಟ್ಟೆಯಿಂದ ದೂರ ನಿಂತಿದ್ದರು. ದೀಪ ಇಟ್ಟದ್ದು ಗುಡಿಯ ಪೂಜೆಯವರು. ನಾನು ನಡೆದುಕೊಂಡೇ ಹೋದೆ. ಚಪ್ಪಲಿ ಕಳಚಿ ನಿಂತು, ಏನು ಬೇಕೆಂದು ಪೂಜೆಯವರು ಕೇಳಿದ್ದಕ್ಕೆ ಹೇಳಿದೆ: "ಒಂದು ಪ್ರಾರ್ಥನೆ ಆಗ್ಬೇಕು. ಇನ್ನು ಮೇಲೆ ಗಾಡಿಯಲ್ಲಿ ಹೋಗುವಾಗ ನಾನು ಕೈ ಎತ್ತುವುದಿಲ್ಲ. ಅದನ್ನು ತಪ್ಪು ತಿಳಿಯಬಾರದು ಅಂತ ದೈವಕ್ಕೆ ಹೇಳಿ."

ಪೂಜೆಯವರು ಧಣಿಗಳ ಮುಖ ನೋಡಿದರು. ಧಣಿಗಳು ನಗಲಿಲ್ಲ. ನಗುತ್ತಾರೆ ಎಂದುಕೊಂಡಿದ್ದೆ.

"ಈ ತಿರುವಿನಲ್ಲಿ ಕೈ ಎತ್ತದೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಅವರು ಯಾರೂ ಹೇಳಿ ಹೋಗುದಿಲ್ಲ" ಎಂದರು.

"ಅವರು ಬೇರೆ ಧಣಿ. ನಾನು ಇಷ್ಟು ವರ್ಷ ಮುಗಿದವಳು. ಒಮ್ಮೆಗೇ ಬಿಟ್ರೆ ಗೊತ್ತಾಗ್ತದೆ."

"ಇಳಿದು ಮುಗಿದು ಹೋಗು ಹಾಗಾದ್ರೆ."

"ಈ ಏರಿನಲ್ಲಿ ನಿಲ್ಲಿಸಿದ್ರೆ ಗಾಡಿ ಹಿಂದೆ ಜಾರ್ತದೆ. ನನಗೆ ಹಿಡಿಲಿಕ್ಕೆ ಆಗುದಿಲ್ಲ. ಹಿಂದಿನಿಂದ ಕೆಂಪುಕಲ್ಲಿನ ಲಾರಿ ಬರ್ತದೆ."

ಧಣಿಗಳು ತಿರುವನ್ನೊಮ್ಮೆ ನೋಡಿದರು. ಆಮೇಲೆ ಪೂಜೆಯವರಿಗೆ, "ಹೇಳಿ ಬಿಡಿ" ಎಂದರು. ಪೂಜೆಯವರು ಹೂವು ಕೈಯಲ್ಲಿ ಹಿಡಿದು ತುಳುವಿನಲ್ಲಿ ಗಟ್ಟಿಯಾಗಿಯೇ ಹೇಳಿದರು. ಇಂಥ ಮನೆಯ ಹೆಂಗಸು, ಹೊಟ್ಟೆಪಾಡಿಗಾಗಿ ಗಾಡಿ ಹಿಡಿದಿದ್ದಾಳೆ, ಗಾಡಿಯಲ್ಲಿರುವಷ್ಟು ಹೊತ್ತು ಮನಸ್ಸಿನಲ್ಲೇ ಮುಗಿಯುತ್ತಾಳೆ, ಸಂಕ್ರಮಣಕ್ಕೆ ನಡೆದು ಬಂದು ಕೈಯಲ್ಲಿ ಮುಗಿಯುತ್ತಾಳೆ, ಕೈಯಿಂದ ತಪ್ಪಿದ್ದನ್ನು ತಪ್ಪೆಂದು ಎಣಿಸದೆ ಕಾಯಬೇಕು. ನಡೆದು ಬರುವ ಮಾತನ್ನು ನಾನು ಹೇಳಿರಲಿಲ್ಲ, ಅವರೇ ಸೇರಿಸಿದರು. ಸೇರಿಸಿದ ಮೇಲೆ ಇಲ್ಲವೆನ್ನುವ ಹಾಗಿಲ್ಲ.

ಪರೀಕ್ಷೆಗೆ ಮೊದಲು ಮಾಸ್ಟ್ರು ನಮ್ಮ ಊರಿಗೇ ಬಂದರು. ನನ್ನ ಹಿಂದೆ ಕೂತರು. ದೊಡ್ಡ ಆಳು, ಅವರು ಕೂತದ್ದೇ ಗಾಡಿ ಕುಸಿಯಿತು. "ತಿರುವಿನಲ್ಲಿ ನಾನು ಕಂಡಕ್ಟರ್" ಎಂದರು. "ನಿಮ್ಮ ಲೆಕ್ಕದ್ದೂ ನಾನೇ ಮುಗಿತೇನೆ. ನೀವು ಹ್ಯಾಂಡಲ್ ಬಿಟ್ರೆ ನಾನು ಇಲ್ಲೇ ಹಾರ್ತೇನೆ."

ಏರಿದೆ. ಗುಡಿ ಬಂತು. ಹಿಂದಿನಿಂದ ಮಾಸ್ಟ್ರು ಗಟ್ಟಿಯಾಗಿ "ಸ್ವಾಮೀ, ಇಬ್ಬರದ್ದೂ ಸೇರಿ" ಎಂದರು. ನನ್ನ ಬಲಗೈಯಲ್ಲಿ ಒಂದು ಎಳೆತ ಬಂತು, ಮೀನು ಗಾಳವನ್ನು ಎಳೆದ ಹಾಗೆ. ಕಚ್ಚಿ ಹಿಡಿದೆ. ತಿರುವು ದಾಟಿತು. ಅವತ್ತು ಅದೇ ತಿರುವನ್ನು ಹತ್ತಿಸಿ ಇಳಿಸಿ, ಹತ್ತಿಸಿ ಇಳಿಸಿ ನನ್ನ ತೋಳು ಸೋತುಹೋಯಿತು. ಪ್ರತಿ ಸಲವೂ ಎಳೆತ ಬಂತು. ಕಡಿಮೆ ಆಗಲಿಲ್ಲ. ಕಡಿಮೆ ಆಯಿತೆಂದು ಮಾಸ್ಟ್ರ ಹತ್ತಿರ ಸುಳ್ಳು ಹೇಳಿದೆ.

ಎರಡನೆಯ ಪರೀಕ್ಷೆಗೆ ಬೆಳಿಗ್ಗೆಯೇ ಸಾಲಿನಲ್ಲಿ ಮೊದಲು ನಿಂತೆ, ಗಂಟೆ ಹೊಡೆಯುವ ಹೊತ್ತಿಗೆ ಮುಂಚೆ ಮುಗಿಯಲಿ ಎಂದು. ಇನ್‌ಸ್ಪೆಕ್ಟರಿಗೆ ನೆನಪಿತ್ತು. "ಇವತ್ತು ಟಾಟಾ ಇಲ್ಲ ಅಲ್ವಾ?" ಎಂದರು. ನಾನು ಹೆಲ್ಮೆಟ್ಟಿನ ಪಟ್ಟಿ ಬಿಗಿದು ಗಾಡಿ ಹತ್ತಿದೆ. ಸುತ್ತಿದೆ. ಕಾಲು ಕೊಡಲಿಲ್ಲ. ಕೈ ಬಿಡಲಿಲ್ಲ. "ಆಯ್ತು ಹೋಗಿ, ನಿಧಾನ ಹೋಗಿ" ಎಂದರು. ಸಂತೋಷ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಇನ್ನು ನಾನು ರಸ್ತೆಗೆ ಇಳಿಯಲೇಬೇಕು, ನೆಪ ಹೇಳಲು ಏನೂ ಉಳಿಯಲಿಲ್ಲ.

ಕಾರ್ಡು ಅಂಚೆಯಲ್ಲಿ ಬರುವುದು ತಡವಂತೆ. ಅಳಿಯ ಲೈಸೆನ್ಸನ್ನು ನನ್ನ ಮೊಬೈಲಿನಲ್ಲೇ ಹಾಕಿಕೊಟ್ಟ. ಫೋಟೋದಲ್ಲಿ ನಾನು ಹೆಣದ ಹಾಗೆ ಕಾಣುತ್ತೇನೆ.

ಸೋಮವಾರದಿಂದ ಬರಬೇಕು ಎಂದರು ಧಣಿಗಳ ಮನೆಯವರು. ಸೋಮವಾರ ಬೆಳಕು ಹರಿಯುವಾಗ ಗಾಡಿ ತೆಗೆದೆ. ಮಗಳು ಅಂಗಳದಲ್ಲಿ ನಿಂತಿದ್ದಳು. "ಮಕ್ಕಳ ಶಾಲೆಗೆ ಹೊತ್ತಾಗುವ ಮೊದ್ಲು ಗಾಡಿ ಬರ್ಬೇಕು" ಎಂದಳು. ಹಿಂದೆ ಮಾಸ್ಟ್ರು ಇಲ್ಲ. ಹಿಂದಿನ ಸೀಟು ಖಾಲಿ. ಖಾಲಿ ಎಂದರೆ ಗಾಡಿ ಹಗುರ ಆಗಬೇಕು, ನನಗೆ ಭಾರ ಆಗಿತ್ತು.

ತಿರುವು ಬಂತು. ನಾನು ಗುಡಿಯ ಕಡೆ ನೋಡಲಿಲ್ಲ. ನೋಡಿದರೆ ಕೈ ಹೋಗುತ್ತದೆ. ಮನಸ್ಸಿನಲ್ಲಿ ಮುಗಿಯುತ್ತೇನೆ ಎಂದು ಮಾತು ಕೊಟ್ಟಿದ್ದೆನಲ್ಲ, ಅದೂ ಆಗಲಿಲ್ಲ. ಮನಸ್ಸಿನಲ್ಲಿ ಇದ್ದದ್ದು ಬ್ರೇಕು, ಹೊಂಡ, ಬ್ರೇಕು, ಹೊಂಡ, ಅಷ್ಟೇ. ತಿರುವು ದಾಟಿದ ಮೇಲೆ ನೆನಪಾಯಿತು. ಈಗ ಏನಾದರೂ ಆಗುತ್ತದೆ, ಈಗ ಆಗುತ್ತದೆ ಎಂದು ಕಾಯುತ್ತಾ ಮುಖ್ಯ ರಸ್ತೆಯ ತನಕ ಬಂದೆ.

ಆದದ್ದು ಏನೂ ಇಲ್ಲ. ಮುಖ್ಯ ರಸ್ತೆಗೆ ಹತ್ತಲು ಆಗದೆ ಬದಿಯಲ್ಲೇ ನಿಂತೆ. ಒಂದು ಲಾರಿ ಹೋಯಿತು. ಅದರ ಹಿಂದೆ ಒಂದು ಬಸ್ಸು. ಅದರ ಹಿಂದೆ ಹಾಲಿನ ಗಾಡಿ. ರಸ್ತೆ ಖಾಲಿ ಆದಾಗಲೂ ನನಗೆ ಖಾಲಿ ಕಾಣಲಿಲ್ಲ. ಹಿಂದೆ ಬಂದ ಆಟೋದವನು ಹಾರ್ನ್ ಹಾಕಿ, "ಅಜ್ಜೀ, ಸಂಜೆ ತನಕ ನಿಲ್ತೀರಾ?" ಎಂದ. ಅವನಿಗೆ ಹೆದರಿ ರಸ್ತೆಗೆ ಇಳಿದೆ. ಎಕ್ಸ್‌ಪ್ರೆಸ್ ಬಸ್ಸೊಂದು ಪಕ್ಕದಲ್ಲಿ ಉಜ್ಜಿದ ಹಾಗೆ ಹೋಯಿತು, ಅದರ ಗಾಳಿಗೆ ಗಾಡಿ ಅಲುಗಿತು. ಹೇಗೆ ಹೋದೆನೋ ಗೊತ್ತಿಲ್ಲ. ಧಣಿಗಳ ಮನೆಯ ದಾರಿಗೆ ತಿರುಗುವಾಗ ಇಂಡಿಕೇ‌ಟರ್ ಹಾಕಿದ್ದೆ, ಅದನ್ನು ತೆಗೆಯಲು ಮರೆತು ಅಂಗಳದಲ್ಲಿ ಗಾಡಿ ನಿಲ್ಲಿಸಿದ ಮೇಲೂ ಅದು ಮಿಣಿಮಿಣಿ ಎನ್ನುತ್ತಿತ್ತು.

ಧಣಿಗಳು ಜಗಲಿಯಲ್ಲಿದ್ದರು. ಮೊಬೈಲು ಕೊಟ್ಟೆ. ಕನ್ನಡಕ ಹಾಕಿ ನೋಡಿದರು, ಫೋಟೋ ನೋಡಿದರು, ನನ್ನ ಮುಖ ನೋಡಿದರು. "ನೀನೇ ಹೌದು" ಎಂದು ವಾಪಸು ಕೊಟ್ಟರು. "ಒಳಗೆ ಹೋಗು, ನೀರು ಕಾದಿದೆ."

ಒಳಗೆ ಹೋದೆ. ಆದರೆ ಕೈ ಪೂರ್ತಿ ತೆರೆಯಲಿಲ್ಲ. ಹ್ಯಾಂಡಲನ್ನು ಹಿಡಿದ ಹಾಗೆಯೇ ಬೆರಳು ಮಡಚಿಕೊಂಡಿದ್ದವು. ಅಂಥ ಕೈಯಲ್ಲಿ ಅಂಥ ಮಗುವನ್ನು ಮುಟ್ಟುವ ಹಾಗಿಲ್ಲ. ಬಾಳಂತಿ ಕೋಣೆಯಿಂದ ಕರೆದಳು, "ದೊಡ್ಡಮ್ಮ, ಬಂದ್ರಾ? ಎಂತ ಮಾಡ್ತಿದ್ದೀರಿ ಅಲ್ಲಿ?" ನೀರಿನ ಹದ ನೋಡುತ್ತಿದ್ದೇನೆ ಎಂದೆ. ಬಿಸಿನೀರಿನ ಬಕೆಟ್ಟಿನಲ್ಲಿ ಮಣಿಗಂಟಿನ ತನಕ ಎರಡೂ ಕೈ ಮುಳುಗಿಸಿ, ಬಚ್ಚಲಿನಲ್ಲಿ ಕೂತಿದ್ದೆ. ಬೆರಳುಗಳು ಒಂದೊಂದಾಗಿ ಬಿಟ್ಟುಕೊಂಡವು.

ಆಮೇಲೆ ಕಾಲು ನೀಡಿ, "ತನ್ನಿ" ಎಂದೆ. ಮಗುವನ್ನು ತಂದು ಕಾಲ ಮೇಲೆ ಮಲಗಿಸಿದರು. ನಿಜವಾಗಿಯೂ ಸಣ್ಣದಿತ್ತು. ಎಣ್ಣೆ ಹಾಕಿದೆ, ಬೆನ್ನು ತಿಕ್ಕಿದೆ, ನೀರು ಹೊಯ್ದೆ. ಮಗು ಮನೆಯ ಹಂಚು ಹಾರುವ ಹಾಗೆ ಕೂಗಿತು. ಗಂಟಲು ಗಟ್ಟಿ ಇದೆ, ಬದುಕುತ್ತದೆ ಎಂದೆ. ಅಷ್ಟು ಹೊತ್ತು ನನಗೆ ಯಾವ ಹೆದರಿಕೆಯೂ ಇರಲಿಲ್ಲ.

ಈಗ ಆ ಮಗುವಿಗೆ ನಲವತ್ತು ದಿನ ತುಂಬುತ್ತಾ ಬಂತು. ಪಕ್ಕದ ಊರಿನ ಇನ್ನೊಂದು ಮನೆಯಿಂದ ಕರೆ ಬಂದಿದೆ, ಅದು ಇದಕ್ಕಿಂತ ದೂರ. ಬರುತ್ತೇನೆ ಎಂದಿದ್ದೇನೆ. ಹೆದರಿಕೆ ಹೋಗಿದೆಯೇ ಎಂದು ಮಾಸ್ಟ್ರು ಫೋನಿನಲ್ಲಿ ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ನೀವು ಬೀಳುದಿಲ್ಲ" ಎಂದರು. ಅದು ಅವರ ಲೆಕ್ಕ. ನನ್ನ ಲೆಕ್ಕದಲ್ಲಿ ಹೆದರಿಕೆ ಇದ್ದವರೂ ಬೀಳುತ್ತಾರೆ.

ಮೀಯಿಸಿ ಆದ ಮೇಲೆ ಧಣಿಗಳ ಹೆಂಡತಿ ಒಂದು ಲೋಟ ಕಾಫಿ ಕೊಡುತ್ತಾರೆ. ಮೊದಲು ಬಸ್ಸಿನ ಕಾಲದಲ್ಲಿ ನಿಂತೇ ಕುಡಿದು ಹೊರಡುತ್ತಿದ್ದೆ. ಈಗ ಕೂತು ಕುಡಿಯುತ್ತೇನೆ. ಜಗಲಿಯಿಂದ ಗಾಡಿ ಕಾಣುತ್ತದೆ, ಮತ್ತೆ ಅದನ್ನು ಹತ್ತಬೇಕಲ್ಲ. ಇನ್ನೊಂದು ಲೋಟ ಬೇಕಾ ಎಂದು ಕೇಳಿದರೆ ಬೇಕು ಎನ್ನುತ್ತೇನೆ. ಮಗಳ ಫೋನು ಬರುತ್ತದೆ, ಮಕ್ಕಳು ಚೀಲ ಹಾಕಿ ನಿಂತಿದ್ದಾರೆ, ಗಾಡಿ ಎಲ್ಲಿ ಎಂದು. ಹೊರಟೆ ಎಂದು ಹೇಳುತ್ತೇನೆ. ಹೇಳಿ, ಆ ಎರಡನೆಯ ಲೋಟವನ್ನು ಊದಿ ಊದಿ ಆರಿಸಿ, ನಿಧಾನವಾಗಿ ಕುಡಿಯುತ್ತೇನೆ.